ಗಾಯ ಮಾಯ್ದರೆ ತಪಾಸಣೆ ಮುಗಿಯಿತೇ?

ಹುಟ್ಟಿನಿಂದಲೇ ಪಿತ್ತನಾಳ ಉಬ್ಬಿಕೊಂಡಿರುವ ಕಾಯಿಲೆಗೆ ಕೊಲೆಡೋಕಲ್ ಸಿಸ್ಟ್ ಎನ್ನುತ್ತಾರೆ. ಇದಕ್ಕೆ ಆಪರೇಷನ್ ಆದವರು ಬದುಕಿರುವವರೆಗೂ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು. ಕ್ಯಾನ್ಸರಿನ ಅಪಾಯ ಬಹಳ ತಗ್ಗಿದರೂ ಪೂರ್ತಿ ಅಳಿಯುವುದಿಲ್ಲ. ರಾಯಚೂರು, ದೇವದುರ್ಗ, ಮಾನ್ವಿ ಕಡೆ ಈ ಮಾತೆತ್ತಿದರೆ ಬರುವ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲನೆಯದು: ‘ಆಪರೇಷನ್ ಆಗ್ಯಾದ, ಗಂಟು ತೆಗದಾರ, ಮತ್ತ್ಯಾಕ ದವಾಖಾನಿ?’

ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಸಣ್ಣಕರುಳಿನ ಗೋಡೆಯೊಳಗೆ ಕೂಡಬೇಕು. ಈ ಕಾಯಿಲೆಯ ಬಹಳಷ್ಟು ಜನರಲ್ಲಿ ಅವು ಗೋಡೆಯ ಹೊರಗೇ ಕೂಡಿರುತ್ತವೆ. ಆಗ ಮೇದೋಜೀರಕ ರಸ ಪಿತ್ತನಾಳಕ್ಕೆ ನುಗ್ಗಿ ಅದರ ಒಳಪೊರೆಯನ್ನು ವರ್ಷಗಟ್ಟಲೆ ಕೆರಳಿಸುತ್ತದೆ. ಸರ್ಜನ್ ಉಬ್ಬಿದ ನಾಳವನ್ನೂ ಪಿತ್ತಕೋಶವನ್ನೂ ತೆಗೆದು, ಲಿವರಿನಿಂದ ಬರುವ ನಾಳವನ್ನು ಸಣ್ಣಕರುಳಿಗೆ ಹೊಲಿಯುತ್ತಾರೆ. ಆದರೂ ಲಿವರಿನೊಳಗಿನ ನಾಳಗಳು ಉಳಿಯುತ್ತವೆ. ಮೇದೋಜೀರಕದಲ್ಲಿ ಹುದುಗಿದ ತುದಿಯೂ ಕೆಲವರಲ್ಲಿ ಉಳಿದಿರುತ್ತದೆ. ಆಪರೇಷನ್ ಆಗಿ 10, 20 ವರ್ಷಗಳ ನಂತರ ಕ್ಯಾನ್ಸರ್ ಕಾಣಿಸಿಕೊಂಡಿರುವುದು ಇಂಥ ಜಾಗಗಳಲ್ಲಿ, ಇಲ್ಲವೇ ಹೊಲಿಗೆಯ ಹತ್ತಿರ.

ಎರಡನೆಯದು: ‘ತೆಗೆಸಿದರೂ ಬರುವುದಾದರೆ ಆಪರೇಷನ್ ಯಾಕೆ?’

ಜಪಾನಿನಲ್ಲಿ 1990ರಿಂದ 2007ರವರೆಗಿನ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ, ಹುಟ್ಟಿನಿಂದ ಪಿತ್ತನಾಳ ಉಬ್ಬಿದ್ದ ವಯಸ್ಕರ ಪೈಕಿ ನೂರಕ್ಕೆ 20ಕ್ಕೂ ಹೆಚ್ಚು ಮಂದಿಗೆ ಪಿತ್ತನಾಳ ಅಥವಾ ಪಿತ್ತಕೋಶದ ಕ್ಯಾನ್ಸರ್ ಇತ್ತು. ಉಬ್ಬಿದ ನಾಳವನ್ನು ತೆಗೆಸಿಕೊಂಡವರಲ್ಲಿ ಅದು ನೂರಕ್ಕೆ ಕೆಲವರಿಗಷ್ಟೇ. ಆದ್ದರಿಂದ ಆಪರೇಷನ್ ಆಗಲೇಬೇಕು, ಅದೂ ತಡಮಾಡದೆ. ಹಿಂದೆ ಗಂಟನ್ನು ತೆಗೆಯದೆ ಹಾಗೇ ಕರುಳಿಗೆ ಜೋಡಿಸುವ ಪದ್ಧತಿಯಿತ್ತು; ಅಂಥವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಂಡಿದ್ದರಿಂದಲೇ ಅದನ್ನು ಕೈಬಿಟ್ಟರು. ಹಾಗೆ ಜೋಡಿಸಿಕೊಂಡವರು ಈಗಲೇ ತಜ್ಞರನ್ನು ಕಾಣಬೇಕು.

ಮೂರನೆಯದು: ‘ಹೆಣ್ಣುಮಗು, ನಾಳೆ ಮದುವೆಯಾಗಬೇಕು, ಊರಿಗೆಲ್ಲ ಯಾಕೆ ತಿಳಿಸುವುದು?’

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ನಾಲ್ಕು ಪಟ್ಟು ಹೆಚ್ಚು. ಮುಚ್ಚಿಟ್ಟರೆ ಡಿಸ್ಚಾರ್ಜ್ ಕಾಗದ ತವರಿನ ಟ್ರಂಕಿನಲ್ಲೇ ಉಳಿಯುತ್ತದೆ, ಮಗಳು ಗಂಡನ ಮನೆಯಲ್ಲಿರುತ್ತಾಳೆ. ಅಲ್ಲಿ ಅವಳಿಗೆ ಕಾಮಾಲೆಯಾದರೆ ನಾಟಿ ಔಷಧ ಕುಡಿಸಿ, ಚುಟಿಗಿ ಹಾಕಿಸಿ ದಿನ ಕಳೆಯುತ್ತಾರೆ. ವೈರಸ್ಸಿನ ಕಾಮಾಲೆ ಬಹುಮಟ್ಟಿಗೆ ತಾನೇ ಇಳಿಯುತ್ತದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆ ಇಳಿಯುವುದಿಲ್ಲ. ಆ ಮಗಳ ಜೀವಕ್ಕಿಂತ ಗುಟ್ಟು ದೊಡ್ಡದಲ್ಲ.

ನಾಲ್ಕನೆಯದು: ‘ಗುಳೆ ಹೋಗಿ ದುಡಿಯುವವರು ವರ್ಷವರ್ಷ ಬೆಂಗಳೂರು, ಹೈದರಾಬಾದಿಗೆ ಅಲೆಯಲಾದೀತೇ?’

ಈ ಆಕ್ಷೇಪದಲ್ಲಿ ನಿಜವಾದ ಕಷ್ಟವಿದೆ. ಕೂಲಿ ಬಿಟ್ಟರೆ ಅಂದಿನ ಊಟ ಹೋಗುತ್ತದೆ. ಆದರೆ ವಾರ್ಷಿಕ ತಪಾಸಣೆಗೆ ಬೇಕಾಗುವುದು ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಲಿವರಿನ ರಕ್ತಪರೀಕ್ಷೆ. ಎರಡೂ ರಾಯಚೂರಿನ ಸರ್ಕಾರಿ ಆಸ್ಪತ್ರೆಯಾದ ರಿಮ್ಸ್‌ನಲ್ಲೇ ಆಗುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ದೇವದುರ್ಗ, ಮಾನ್ವಿಯಿಂದ ಬಸ್ಸಿನ ಖರ್ಚೂ ಇಲ್ಲ. ಏನಾದರೂ ವ್ಯತ್ಯಾಸ ಕಂಡರೆ ಮಾತ್ರ ಎಂಆರ್‌ಐಗೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದೀತು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಕಲಬುರಗಿಯಲ್ಲೂ ಇದೆ.

ಐದನೆಯದು: ‘ಅಪೌಷ್ಟಿಕತೆ, ರಕ್ತಹೀನತೆ ಇರುವ ಜಿಲ್ಲೆಯಲ್ಲಿ ಇಂಥ ಅಪರೂಪದ ಕಾಯಿಲೆಗೇಕೆ ಇಷ್ಟು ಗಮನ?’

ಅಪರೂಪವಾದ್ದರಿಂದಲೇ ಖರ್ಚು ಕಡಿಮೆ. ಜಿಲ್ಲೆಯಲ್ಲಿ ಹೀಗೆ ಆಪರೇಷನ್ ಆದವರ ಪಟ್ಟಿಯೊಂದಿದ್ದರೆ ವರ್ಷಕ್ಕೊಮ್ಮೆ ಆಶಾ ಕಾರ್ಯಕರ್ತೆ ನೆನಪಿಸಿದರೆ ಸಾಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು 18 ವರ್ಷದವರೆಗೆ ನೋಡಿಕೊಳ್ಳುತ್ತದೆ. ಈ ಕ್ಯಾನ್ಸರಿನ ಅಪಾಯ ಏರುವುದು ಆ ವಯಸ್ಸು ದಾಟಿದ ಮೇಲೆ. ಆಗ ಇವರನ್ನು ವಿಚಾರಿಸುವವರೇ ಇಲ್ಲ. ಈ ಕಂದಕವನ್ನು ಮುಚ್ಚುವುದು ಜಿಲ್ಲಾ ಆರೋಗ್ಯ ಇಲಾಖೆಯ ಹೊಣೆ.

ನಿಮ್ಮ ಮನೆಯಲ್ಲಿ ಇಂಥ ಆಪರೇಷನ್ ಆದವರಿದ್ದರೆ ಡಿಸ್ಚಾರ್ಜ್ ಕಾಗದವನ್ನೂ ಬಯಾಪ್ಸಿ ವರದಿಯನ್ನೂ ಇಂದೇ ಹುಡುಕಿ, ಫೋಟೊ ತೆಗೆದು ಫೋನಿನಲ್ಲಿಡಿ. ಗುಳೆ ಹೋದಲ್ಲಿಗೂ ಅದು ಜೊತೆಗಿರಲಿ. ಚಳಿಜ್ವರ, ಹಳದಿ ಕಣ್ಣು, ಬಿಳಿಚಿದ ಮಲ, ಮೈ ತುರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಹೋಗಿ.