ಫೊರ್ಲಿಯ ಶಿಲಾಫಲಕಗಳು

ಇಟಲಿಯ ಫೊರ್ಲಿ ಪಟ್ಟಣದಲ್ಲಿ ಭಾರತೀಯ ಸೇನೆಯ ಹೆಸರಿನದೇ ಒಂದು ರುದ್ರಭೂಮಿಯುಂಟೆಂಬುದನ್ನು ನಮ್ಮ ಗೋಕಾವಿ ಸೀಮೆಯಲ್ಲಿ ಬಲ್ಲವರು ವಿರಳ. ಕಲ್ಲೋಳಿಯಿಂದ ಅಷ್ಟು ದೂರ ಹೋಗಿ ಆ ಶಿಲೆಗಳ ಸಾಲಿನಲ್ಲಿ ನಡೆದವನಿಗೆ ಮೊದಲು ತೋರುವ ಸೋಜಿಗವೆಂದರೆ, ಅಲ್ಲಿ ಸ್ಮರಿಸಲ್ಪಟ್ಟವರಲ್ಲಿ ಹೆಚ್ಚಿನವರಿಗೆ ಗೋರಿಯೇ ಇಲ್ಲ. ಸ್ವಧರ್ಮವಿಧಿಯಂತೆ ಅಗ್ನಿಸಂಸ್ಕಾರ ಹೊಂದಿದ 700ಕ್ಕೂ ಮಿಕ್ಕ ಯೋಧರಿಗೆ ದಹನಸ್ಮಾರಕದಲ್ಲಿ ಕೆತ್ತಿದ ಹೆಸರೊಂದೇ ನೆಲೆ. ಬಿದ್ದವನ ದೇಹವೆಲ್ಲಿ ಬೂದಿಯಾಯಿತೆಂದು ಕೇಳದೆ, ಅವನ ಕಾಳಗವನ್ನು ಕಲ್ಲಿನಲ್ಲಿ ಕಂಡರಿಸಿ ಊರ ಮುಂದೆ ನಿಲ್ಲಿಸಿದ ವೀರಗಲ್ಲಿನ ನಾಡಿನವರಿಗೆ ಇದೇನೂ ಕೊರತೆಯಾಗಿ ಕಾಣಬೇಕಾಗಿಲ್ಲ.

1943ರಿಂದ 1945ರವರೆಗೆ, ಸಾಂಗ್ರೋ ನದಿಯಿಂದ ಸೆನಿಯೋ ನದಿಯವರೆಗೆ, ಜರ್ಮನ್ ಸೈನ್ಯವನ್ನು ಹಿಂದೊತ್ತಿ ಇಟಲಿಯ ಊರೂರನ್ನು ಬಿಡಿಸಿದ ದಳಗಳಲ್ಲಿ, 1922ರಿಂದ ಬೆಳಗಾವಿಯನ್ನೇ ಕೇಂದ್ರವಾಗಿಸಿಕೊಂಡ ಮರಾಠಾ ಲೈಟ್ ಇನ್‌ಫಂಟ್ರಿಯೂ ಇದ್ದಿತು. 1944ರ ಜುಲೈ 10ರಂದು, ತನ್ನ ತುಕಡಿಯವರೆಲ್ಲರೂ ಸತ್ತೋ ಗಾಯಗೊಂಡೋ ಬಿದ್ದ ಬಳಿಕ, ಇದೇ ದಳದ 22 ವರ್ಷದ ನಾಯಕ ಯಶವಂತ ಘಾಡ್ಗೆ ಶತ್ರುವಿನ ಮಷಿನ್‌ಗನ್ನಿನ ಮೇಲೆ ಒಬ್ಬನೇ ಏರಿಹೋಗಿ, ಅದನ್ನು ಅಡಗಿಸಿ, ಅಲ್ಲಿಯೇ ಗುಂಡೇಟಿಗೆ ಮಡಿದನು. ವಿಕ್ಟೋರಿಯಾ ಕ್ರಾಸ್ ಮರಣಾನಂತರ ಬಂದಿತು. ಸಂಬಳಕ್ಕಾಗಿ ಪಲ್ಟಣ ಸೇರಿದವರು, ಪರಂಗಿಯ ಉಪ್ಪುಂಡವರು ಎಂದು ಇಂಥವರನ್ನು ಬದಿಗೆ ಸರಿಸುವ ವಾಡಿಕೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಇದೆ. ಬಡತನವೇ ಬಹುಮಂದಿಯನ್ನು ಪಲ್ಟಣಕ್ಕೆ ನೂಕಿತೆಂಬುದನ್ನು ನಾನೂ ಒಪ್ಪುವೆನು. ಆದರೆ ಆ ಏರಿಕೆಯನ್ನು ಯಾವ ಪಗಾರದ ಪಟ್ಟಿಯಲ್ಲಿ ಬರೆಯುವುದು?

ಅದೇ ಕಾಲದಲ್ಲಿ, ಬೆಳಗಾವಿಯ ಕ್ಯಾಂಪಿಗೆ ಅನತಿದೂರದ ಹಿಂಡಲಗಾ ಸೆರೆಮನೆಯಲ್ಲಿ, 1942ರ ಚಲೇಜಾವ್ ಚಳವಳಿಯ ಸತ್ಯಾಗ್ರಹಿಗಳು ಬಂದಿಗಳಾಗಿದ್ದರು. ಒಂದೇ ಸರಕಾರವು ಒಂದೇ ಊರಿನಲ್ಲಿ, ಪರರ ನೆಲವನ್ನು ಬಿಡಿಸಲು ಕೆಲವರಿಗೆ ಬಂದೂಕು ಕೊಟ್ಟು, ತಮ್ಮ ನೆಲವನ್ನು ಬಿಟ್ಟುಕೊಡೆಂದವರಿಗೆ ಬೇಡಿ ತೊಡಿಸಿತು. ಒಂದೇ ಮನೆಯ ಅಣ್ಣ ಕ್ಯಾಂಪಿನಲ್ಲಿಯೂ ತಮ್ಮ ಹಿಂಡಲಗಾದಲ್ಲಿಯೂ ಇದ್ದಿರಬಹುದಾದ ಕಾಲವದು.

ಇಟಲಿಯ ಮೊಂತೋನೆ ಎಂಬ ಪುಟ್ಟ ಊರು 2023ರಲ್ಲಿ ಘಾಡ್ಗೆಯ ಹೆಸರಿನಲ್ಲಿ ಒಂದು ಛಾಯಾಗಡಿಯಾರವನ್ನು ನಿಲ್ಲಿಸಿದೆ. ತಡವಾಯಿತೆನ್ನುವ ಅಧಿಕಾರ ನಮಗಿಲ್ಲ. ಜಿಲ್ಲೆಯ ಸ್ವಾತಂತ್ರ್ಯಚರಿತ್ರೆಗಳಲ್ಲಿ ನಾನು ಓದಿದವುಗಳಲ್ಲೆಲ್ಲ ಹಿಂಡಲಗಾ ಬರುತ್ತದೆ, ಇಟಲಿ ಬರುವುದಿಲ್ಲ. ಯುದ್ಧಸ್ಮಾರಕಗಳ ದಾಖಲೆಗಳಲ್ಲಿ ಅನೇಕ ಸಿಪಾಯಿಗಳ ಹೆಸರಿನೊಡನೆ ತಂದೆಯ ಹೆಸರೂ ಹುಟ್ಟೂರೂ ನಮೂದಾಗಿರುವುದರಿಂದ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಗ್ರಾಮನಾಮಗಳನ್ನು ಬಲ್ಲ ಇತಿಹಾಸದ ಮೇಷ್ಟರೊಬ್ಬರು, ಅಪಭ್ರಂಶಗೊಂಡ ರೋಮನ್ ಅಕ್ಷರಗಳ ನಡುವೆ ನಮ್ಮ ಊರುಗಳಿವೆಯೇ ಎಂದು ಒಂದು ಬೇಸಗೆಯ ಸೂಟಿಯಲ್ಲಿ ಹುಡುಕಲು ತೊಡಗಬಹುದು.