ಪೈಲಟ್ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಎಷ್ಟು ಸರಿ?



ಈ ಸಲದ ರಾಜ್ಯೋತ್ಸವ ಮೆರವಣಿಗೆಯನ್ನು ಡ್ರೋನಿನಿಂದ ಚಿತ್ರೀಕರಿಸಬೇಕೆಂದು ನಮ್ಮ ಯುವ ಸದಸ್ಯರು ಕೇಳಿದ್ದಾರೆ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮದುವೆ, ಗೃಹಪ್ರವೇಶ, ತೇರು, ಯಾವುದಕ್ಕೆ ಹೋದರೂ ತಲೆಯ ಮೇಲೆ ಡ್ರೋನು ಗುಂಯ್‌ಗುಡುತ್ತಿರುತ್ತದೆ. ನಮ್ಮ ಕಡೆಯ ಕೆಲವು ಹುಡುಗರಿಗೆ ಅದೇ ಹೊಟ್ಟೆಪಾಡು. ಆದರೆ ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಮೇಲೆ ವಿಮಾನ ಬಂದರೆ ಪೈಲಟ್‌ಗೆ ಕಾಣುವುದಿಲ್ಲವೇ? ಅವರೇ ತಪ್ಪಿಸಿಕೊಂಡು ಹೋಗುತ್ತಾರೆ." ಈ ಮಾತನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ.

ಮೊದಲು ನಮ್ಮ ಊರಿನ ಆಕಾಶ. ಕಮಲಾಪುರದಲ್ಲಿರುವ ಸೇಲಂ ವಿಮಾನ ನಿಲ್ದಾಣ ನಲ್ಲಂಪಳ್ಳಿಯಿಂದ ನೇರ ಅಳತೆಯಲ್ಲಿ ಸುಮಾರು 30 ಕಿಲೋಮೀಟರು. ಅಲ್ಲಿ 2018ರ ಮಾರ್ಚ್‌ನಲ್ಲಿ ಉಡಾನ್ ಯೋಜನೆಯಡಿ ಚೆನ್ನೈ ವಿಮಾನ ಶುರುವಾಯಿತು, 2021ರಲ್ಲಿ ನಿಂತಿತು, 2023ರ ಅಕ್ಟೋಬರ್‌ನಲ್ಲಿ ಮತ್ತೆ ಆರಂಭವಾಯಿತು. ಈ ಪ್ರಯಾಣಿಕ ವಿಮಾನಗಳು ನಮ್ಮ ತಲೆಯ ಮೇಲೆ ಬಂದರೂ ಬಹಳ ಎತ್ತರದಲ್ಲಿರುತ್ತವೆ, ಡ್ರೋನಿಗೆ ಎಟುಕುವುದಿಲ್ಲ. ಕೆಳಗೆ ಹಾರುವವು ಬೇರೆ: ಸೇಲಂ ನಿಲ್ದಾಣದಲ್ಲಿ ಪೈಲಟ್ ತರಬೇತಿಗೂ ಜಾಗ ಕೊಟ್ಟಿದ್ದಾರೆ, ಆ ಸಣ್ಣ ವಿಮಾನಗಳು. ಜೊತೆಗೆ ಗಣ್ಯರು ಬಂದಾಗ, ಚುನಾವಣೆ ಬಂದಾಗ ಹೆಲಿಕಾಪ್ಟರ್‌ಗಳು.

ಈಗ ಲೆಕ್ಕಕ್ಕೆ ಬರೋಣ. ತರಬೇತಿ ವಿಮಾನ ಗಂಟೆಗೆ ಸುಮಾರು 185 ಕಿಲೋಮೀಟರು ಹೋಗುತ್ತದೆ ಎಂದಿಟ್ಟುಕೊಳ್ಳಿ. ಎದುರಿಗೆ ಏನೋ ಇದೆ ಎಂದು ಕಂಡ ಕ್ಷಣದಿಂದ, ಅದೇನೆಂದು ಗುರುತಿಸಿ, ಢಿಕ್ಕಿಯಾಗುತ್ತದೆ ಎಂದು ಅರಿತು, ಯಾವ ಕಡೆ ತಿರುಗಬೇಕೆಂದು ನಿರ್ಧರಿಸಿ, ಕೈ ಆಡಿಸಿ, ವಿಮಾನ ನಿಜವಾಗಿ ತಿರುಗುವಷ್ಟರಲ್ಲಿ 12.5 ಸೆಕೆಂಡು ಬೇಕು ಎಂದು ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಕೊಟ್ಟ ಸಲಹಾ ಸುತ್ತೋಲೆಯಲ್ಲಿದೆ. ಆ 12.5 ಸೆಕೆಂಡಿನಲ್ಲಿ ನಮ್ಮ ವಿಮಾನ 640 ಮೀಟರು ದಾಟಿರುತ್ತದೆ. ಅಂದರೆ 640 ಮೀಟರು ದೂರದಲ್ಲೇ ಡ್ರೋನು ಕಾಣಬೇಕು. ಮದುವೆಯ ಡ್ರೋನು ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಅಗಲ. ಅಷ್ಟು ದೂರಕ್ಕೆ ಅದು ಕಾಣುವುದು, ಹತ್ತು ಮೀಟರು ಆಚೆ ಇಟ್ಟ ಒಂದು ಕಾಳುಮೆಣಸಿನಷ್ಟು. ಅದೂ ಬಿಳಿ ಗೋಡೆಯ ಮುಂದಲ್ಲ; ಮಾವಿನ ತೋಪು, ಹೊಲ, ಹೆಂಚು, ತಾರಸಿ ಎಲ್ಲ ಕಲಸಿಹೋದ ನೆಲದ ಹಿನ್ನೆಲೆಯಲ್ಲಿ.

ಇನ್ನೊಂದು ತೊಡಕಿದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಢಿಕ್ಕಿಯ ದಾರಿಯಲ್ಲೇ ಇರುವ ವಸ್ತು ಪೈಲಟ್‌ನ ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಾಗಿ ನಿಂತು, ಕೊನೆಯ ಗಳಿಗೆಯಲ್ಲಿ ದಿಢೀರನೆ ದೊಡ್ಡದಾಗುತ್ತದೆ. ಪಕ್ಕಕ್ಕೆ ಸರಿದು ಹೋಗುವ ಡ್ರೋನು ಕಾಣಬಹುದು, ಆದರೆ ಅದು ಅಪಾಯದ್ದಲ್ಲ. ಅಪಾಯದ್ದು ಕಾಣುವುದೇ ಕಷ್ಟ.

ಇದು ಬರೀ ಲೆಕ್ಕವಲ್ಲ, ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಎಂಬ್ರಿ-ರಿಡಲ್ ಮತ್ತು ಒಕ್ಲಹಾಮ ರಾಜ್ಯ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಳಿಯಲು ಬರುವ ವಿಮಾನದ ಪೈಲಟ್‌ಗಳ ಕಣ್ಣಿಗೆ ಡ್ರೋನು ಬಿದ್ದದ್ದು 40 ಸಲದಲ್ಲಿ 12 ಸಲ ಮಾತ್ರ. ಡ್ರೋನು ಚಲಿಸುತ್ತಿದ್ದಾಗ ಅರ್ಧದಷ್ಟು ಸಲ ಕಂಡಿತು. ಒಂದೇ ಕಡೆ ನಿಂತಿದ್ದಾಗ 22 ಸಲದಲ್ಲಿ ಕಂಡದ್ದು ಮೂರೇ ಸಲ. ನಮ್ಮ ಸಮಾರಂಭದ ಡ್ರೋನು ಹೆಚ್ಚು ಹೊತ್ತು ಏನು ಮಾಡುತ್ತದೆ? ಒಂದೇ ಕಡೆ ನಿಂತು ಕೆಳಗೆ ನೋಡುತ್ತಿರುತ್ತದೆ.

ನಡೆದದ್ದೂ ಉಂಟು. 2021ರ ಆಗಸ್ಟ್ 10ರಂದು ಕೆನಡಾದ ಟೊರಾಂಟೊ ಬಳಿಯ ಬಟನ್‌ವಿಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಸೆಸ್ನಾ ತರಬೇತಿ ವಿಮಾನಕ್ಕೆ, 400 ಅಡಿ ಎತ್ತರದಲ್ಲಿ ನಿಂತಿದ್ದ ಡ್ರೋನು ತಗುಲಿತು. ಒಳಗಿದ್ದವರು ಹಕ್ಕಿ ಬಡಿದಿರಬೇಕೆಂದು ತಿಳಿದಿದ್ದರು. ಆ ಡ್ರೋನು ಯಾರೋ ಪುಂಡರದ್ದಲ್ಲ, ಪೊಲೀಸರದ್ದೇ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಕಾಳ್ಗಿಚ್ಚು ಆರಿಸುತ್ತಿದ್ದ ವಿಮಾನದ ರೆಕ್ಕೆಗೆ ಡ್ರೋನು ಬಡಿದು ತೂತಾಯಿತು. ಬೆಂಕಿ ನೋಡಲೆಂದು ಒಬ್ಬರು ಹಾರಿಸಿದ ಡ್ರೋನು ಅದು. ಎರಡೂವರೆ ಕಿಲೋಮೀಟರು ದೂರ ಕಳಿಸಿದ್ದರು, ಅವರ ಕಣ್ಣಿಗೇ ಅದು ಕಾಣುತ್ತಿರಲಿಲ್ಲ. ತೂಕ ಕಾಲು ಕೆ.ಜಿ.ಯೊಳಗೆ. ಆದರೂ ದುರಸ್ತಿಯಾಗುವವರೆಗೆ ಬೆಂಕಿ ಆರಿಸುವ ವಿಮಾನ ನೆಲದಲ್ಲೇ ಉಳಿಯಿತು.

"ಹಕ್ಕಿ ಬಡಿಯುವುದಿಲ್ಲವೇ, ಇದೂ ಹಾಗೆ" ಎನ್ನುವವರಿದ್ದಾರೆ. ಡೇಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಕೆ.ಜಿ.ಯಷ್ಟು ತೂಕದ ಡ್ರೋನನ್ನು ಸಣ್ಣ ವಿಮಾನದ ರೆಕ್ಕೆಗೆ ಹೊಡೆದು ನೋಡಿದರು. ಅದು ಒಳಹೊಕ್ಕು ರೆಕ್ಕೆಯ ಮುಖ್ಯ ತೊಲೆಗೇ ಹಾನಿ ಮಾಡಿತು. ಹಕ್ಕಿ ಮಾಂಸ, ಮೂಳೆ. ಡ್ರೋನಿನಲ್ಲಿ ಬ್ಯಾಟರಿ, ಮೋಟಾರು.

ಈಗ ನಮ್ಮ ಕಾನೂನು. 2021ರ ಆಗಸ್ಟ್ 25ರಂದು ಹೊರಟ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರಿನವರೆಗೆ ಹಾರಿಸಬಹುದು. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರು ಒಳಗಾದರೆ 200 ಅಡಿ ಮಾತ್ರ. ಓಮಲೂರು ಕಡೆಯ ಬಂಧುಗಳು ಇದನ್ನು ಗಮನಿಸಬೇಕು. ಜನರಿರುವ ವಿಮಾನಕ್ಕೆ ಡ್ರೋನೇ ದಾರಿ ಬಿಡಬೇಕೆಂದೂ ನಿಯಮ ಹೇಳುತ್ತದೆ. ಇದರ ತರ್ಕ ಸರಳ. ವಿಮಾನ ದೊಡ್ಡದು, ಸದ್ದು ಮಾಡುತ್ತಾ ಬರುತ್ತದೆ; ನೆಲದ ಮೇಲೆ ನಿಂತವನಿಗೆ ಕಾಣುತ್ತದೆ, ಅದಕ್ಕೂ ಮೊದಲೇ ಕೇಳಿಸುತ್ತದೆ. ಮೇಲಿನವರಿಗೆ ಡ್ರೋನು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಕಂಡವನು ತಾನೇ ಸರಿಯಬೇಕು?

400 ಅಡಿಯೊಳಗೇ ಇದ್ದರೆ ಕ್ಷೇಮ ಎಂದೂ ನಿಶ್ಚಿಂತೆಯಾಗುವಂತಿಲ್ಲ. ಕಣ್ಣಳತೆಯಲ್ಲಿ ಹಾರುವ ವಿಮಾನ ಜನವಸತಿ ವಿರಳವಾದಲ್ಲಿ 500 ಅಡಿಯವರೆಗೆ ಇಳಿದು ಬರಬಹುದು. ನಡುವೆ ಉಳಿಯುವುದು 100 ಅಡಿ, ಒಂದು ದೊಡ್ಡ ತೆಂಗಿನಮರದಷ್ಟು. ಗುಡ್ಡದ ಸೀಮೆಯಲ್ಲಿ ಅದೂ ಇಲ್ಲ. ಸಾಮಾನ್ಯವಾಗಿ ಡ್ರೋನಿನ ಪರದೆ ತೋರಿಸುವ ಎತ್ತರ, ಅದು ಮೇಲೆದ್ದ ಜಾಗದಿಂದ ಲೆಕ್ಕ. ತೊಪ್ಪೂರು ಘಾಟಿಯ ಮೇಲಿನಿಂದಲೋ ವತ್ತಲಮಲೈ ಅಂಚಿನಿಂದಲೋ ಬಿಟ್ಟು ಕಣಿವೆಯ ಕಡೆ ಕಳಿಸಿದರೆ, ಪರದೆಯಲ್ಲಿ 100 ಮೀಟರು ಎಂದಿರುತ್ತದೆ. ಕೆಳಗಿನ ನೆಲದಿಂದ ಅಳೆದರೆ ಅದರ ಎರಡು ಮೂರು ಪಟ್ಟು ಆಗಿರುತ್ತದೆ. ನಿಯಮ ಕೇಳುವುದು ನೆಲದಿಂದ ಎಷ್ಟು ಎಂಬುದನ್ನು.

ಹಾಗೆಂದು ಡ್ರೋನೇ ಬೇಡ ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನು ಬೆಳೆಯ ಮೇಲೆ ಕೆಲವೇ ಮೀಟರು ಎತ್ತರದಲ್ಲಿ ಹೋಗುತ್ತದೆ, ಅದರಿಂದ ವಿಮಾನಕ್ಕೆ ತೊಂದರೆಯಿಲ್ಲ. ಮೆರವಣಿಗೆಯ ಚಿತ್ರವೂ 30 ಮೀಟರಿನಿಂದ ಚೆನ್ನಾಗಿಯೇ ಬರುತ್ತದೆ. ಮುಖ ಗುರುತು ಸಿಗುವುದೂ ಅಲ್ಲಿಂದಲೇ. ಬೇಡವಾದದ್ದು, ಇನ್ನೂ ಮೇಲೆ, ಇನ್ನೂ ದೂರ ಎಂಬ ಪಂದ್ಯ.

ಆದ್ದರಿಂದ ನಮ್ಮ ಸಂಘದ ಕಾರ್ಯಕ್ರಮಗಳಿಗೆ ಈ ಕ್ರಮವನ್ನು ಸೂಚಿಸುತ್ತಿದ್ದೇವೆ:

1. ಅಂದಿನ ದಿನವೇ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಬೇಕು. ಗಣ್ಯರ ಭೇಟಿಯಿದ್ದರೆ ತಾತ್ಕಾಲಿಕ ಕೆಂಪು ವಲಯ ಘೋಷಣೆಯಾಗಿರಬಹುದು.

2. ಡ್ರೋನಿಗೆ ನೋಂದಣಿ ಸಂಖ್ಯೆ ಇರಬೇಕು. ಕಾಲು ಕೆ.ಜಿ.ಗಿಂತ ಹೆಚ್ಚು ತೂಕದ್ದನ್ನು ಬಾಡಿಗೆಗೆ ಹಾರಿಸುವವರ ಬಳಿ ಪೈಲಟ್ ಪ್ರಮಾಣಪತ್ರವೂ ಇರಬೇಕು.

3. ಹಾರಿಸುವವರ ಕಣ್ಣು ಪರದೆಯ ಮೇಲಿರುತ್ತದೆ. ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ಆಕಾಶವನ್ನೇ ನೋಡುತ್ತಾ, ಸದ್ದಿಗೆ ಕಿವಿಗೊಟ್ಟು ನಿಂತಿರಬೇಕು. ಮೈಕಿನ ಗದ್ದಲದಿಂದ ದೂರ ನಿಂತರೆ ಒಳ್ಳೆಯದು.

4. ಹೆಲಿಕಾಪ್ಟರ್ ಅಥವಾ ವಿಮಾನದ ಸದ್ದು ಕೇಳಿದ ಕೂಡಲೇ ಡ್ರೋನು ಕೆಳಗಿಳಿಯಬೇಕು. "ಈ ಒಂದು ಶಾಟ್ ಮುಗಿಸಿಬಿಡ್ತೀನಿ ಅಣ್ಣಾ" ಎಂಬ ಮಾತಿಗೆ ಒಪ್ಪಬಾರದು.

5. 30 ಮೀಟರಿಗಿಂತ ಮೇಲೆ ಹೋಗಬಾರದು. ಬರಿಗಣ್ಣಿಗೆ ಕಾಣದಷ್ಟು ದೂರ ಕಳಿಸಬಾರದು.

ಮೇಲೆ ಹಾರುವ ತರಬೇತಿ ವಿಮಾನದಲ್ಲಿ ಇರುವವರೂ ಇಪ್ಪತ್ತರ ಆಸುಪಾಸಿನ ಮಕ್ಕಳೇ. ಕೆಳಗೆ ಡ್ರೋನು ಹಿಡಿದವರೂ ಅದೇ ವಯಸ್ಸಿನವರು. ಇಬ್ಬರ ಕೆಲಸವೂ ನಡೆಯಬೇಕು, ಇಬ್ಬರೂ ಸಂಜೆ ಮನೆ ಸೇರಬೇಕು.

ನವೆಂಬರ್ 1ರ ಮೆರವಣಿಗೆಗೆ ಆಕಾಶ ನೋಡುವ ಕೆಲಸಕ್ಕೆ ಇಬ್ಬರು ಬೇಕಾಗಿದ್ದಾರೆ. ಕಣ್ಣು, ಕಿವಿ ಚುರುಕಾಗಿರುವವರು ಹೆಸರು ಕೊಡಬೇಕಾಗಿ ಕೋರುತ್ತೇವೆ. ಮೇಲಿನ ಸೂಚನೆಗಳ ಬಗ್ಗೆ ಆಕ್ಷೇಪಣೆ ಇದ್ದವರು ಮುಂದಿನ ಸಭೆಗೆ ಬಂದು ತಿಳಿಸಬಹುದು.

ಇಂತಿ,
ಕಾರ್ಯದರ್ಶಿ