ಲೆಕ್ಕ ಸರಿ, ನಡೆ ತಪ್ಪು

ತಂಗಿ ಮದುವೆಗೆ ಅಂತ ಮೊನ್ನೆ ಭಾಮಿನಿ ಷಟ್ಪದಿಯಲ್ಲಿ ಒಂದು ಪದ್ಯ ಹೊಸೆದೆ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ಕ್ಕೆ 21ರ ಮೇಲೊಂದು ಗುರು, ಒಟ್ಟು 102. ಪ್ರಸ್ತಾರ ಹಾಕಿ ಎರಡು ಸಲ ಎಣಿಸಿದ್ದೆ. ಆದಿಪ್ರಾಸವೂ ಕೂತಿತ್ತು. ಅಪ್ಪ ಜೋರಾಗಿ ಓದೋಕೆ ಶುರು ಮಾಡಿ ಎರಡನೇ ಸಾಲಲ್ಲೇ ಎಡವಿದರು. "ಇದು ಕುಂಟುತ್ತಲ್ಲೋ!"

ನೋಡಿದರೆ, 3-4 ಅಂತ ನಡೆಯಬೇಕಾದ ಕಡೆ ನಾನು 4-3 ಇಟ್ಟಿದ್ದೆ. 'ಮನೆಯ ಮುಂದಿನ' ಅಂದರೆ ಭಾಮಿನಿಯ ನಡೆ. 'ಮುಂದಿನ ಮನೆಯ' ಅಂದರೂ ಏಳೇ ಮಾತ್ರೆ, ಆದರೆ ಪದ್ಯ ಪಕ್ಕದವರ ಮನೆಗೆ ಹೋಗಿಬಿಡುತ್ತೆ :)

ಶಾಲೆಯಲ್ಲಿ ನಾವು ಲಘು-ಗುರು ಗುರುತು ಹಾಕಿ ಗಣ ವಿಭಾಗಿಸಿ ಮಾರ್ಕ್ಸ್ ತಗೊಂಡವರು. ಪದ್ಯವನ್ನ ಬಾಯಿಬಿಟ್ಟು ಓದಿದ್ದು ಕಡಿಮೆ. ಇದು ತಲೆಕೆಳಗು ಅನ್ನೋದು ನನ್ನ ಅಭಿಪ್ರಾಯ. ಹತ್ತು ಪರ್ವಗಳನ್ನ ಇದೇ ಛಂದಸ್ಸಲ್ಲಿ ಬರೆದ ಕುಮಾರವ್ಯಾಸನನ್ನ ಮೊದಲು ಗಮಕಿಗಳ ಬಾಯಲ್ಲಿ ಕೇಳಿಸಬೇಕು. ಮೂರನೇ ಸಾಲು ಓಡಿ ಓಡಿ ಆ ಕೊನೇ ಗುರುವಿನ ಮೇಲೆ ಉಸಿರು ನಿಲ್ಲಿಸುತ್ತಲ್ಲ, ಅದು ಕೇಳಿದರಷ್ಟೇ ಗೊತ್ತಾಗೋದು. ಶಿಥಿಲದ್ವಿತ್ವದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗೇ ಉಳಿಯುತ್ತೆ. ಅಲ್ಲಿ ಕೂಡ ಉಚ್ಚಾರಣೆಯೇ ಪ್ರಮಾಣ, ಕಣ್ಣಿಗೆ ಕಾಣೋ ಒತ್ತು ಅಲ್ಲ.

ಎಣಿಕೆ ಬೇಡ ಅಂತಲ್ಲ ಮಾರಾಯ್ರೆ. ಅಪ್ಪ ಎಡವಿದ್ದು ಯಾಕೆ ಅಂತ ತೋರಿಸಿದ್ದು ಅದೇ. ಆದರೆ ಎಡವಿದ್ದು ಗೊತ್ತಾಗಿದ್ದು ಕಿವಿಯಿಂದ.

ಎರಡನೇ ಸಾಲು ಸರಿಹೋಯ್ತು. ಐದನೆಯದು ಇನ್ನೂ ಕುಂಟ್ತಾ ಇದೆ, ಮದುವೆಗೆ ನಾಲ್ಕೇ ದಿನ...